ಓಡುವ ಮೋಟಾರಿಗೆ ಇನ್ನಷ್ಟು ಓಟ

ನಮ್ಮತ್ತೆ ನನ್ನನ್ನು ಮೋಟಾರಿನಲ್ಲಿ ಕೂರಿಸಿದ್ದು ಊರು ನೋಡಿಕೊಂಡು ಬರಲಿ ಎಂದಲ್ಲ, ತಮ್ಮ ಮಗ ಮೆಲ್ಲಗೆ ಹೊಡೆಯಲಿ ಎಂದು. ಹಿರೇಕೆರೂರಿನ ನಮ್ಮಂಥ ಮನೆಗಳ ಸೊಸೆಯಂದಿರು ಆಗ ಹಗಲು ಹೊತ್ತಿನಲ್ಲಿ ಅಂಗಡಿ ಸಾಲಿನ ಮುಂದೆ ಹಾಯುವುದೇ ಅಪರೂಪವಾಗಿತ್ತು. ಅಂಥದರಲ್ಲಿ ಮೇಲೆ ಮುಚ್ಚಿಗೆಯಿಲ್ಲದ ಗಾಡಿಯಲ್ಲಿ ಗಂಡನ ಮಗ್ಗುಲಿಗೆ ಕುಳಿತು ಹೋದರೆ ಜನ ಆಡಿಕೊಳ್ಳದೆ ಬಿಡುವವರಲ್ಲ. ಅತ್ತೆಗೆ ಅದು ಗೊತ್ತಿರಲಿಲ್ಲವೆಂದಲ್ಲ. ಜನರ ಬಾಯಿಗಿಂತ ಅವರಿಗೆ ಆ ಮೋಟಾರಿನ ಅಂಜಿಕೆಯೇ ದೊಡ್ಡದಾಗಿತ್ತು.

"ನೀ ಮಗ್ಗಲದಾಗ ಇದ್ರ ಅವ ಹಗುರಕ ಹೊಡೀತಾನವಾ," ಎಂದರು. "ತಲಿ ಮ್ಯಾಲೆ ಸೆರಗ ಹೊತ್ಕೊಂಡು ಕುಂದ್ರು. ಜನಾ ಏನರ ಅನ್ಲಿ."

ಅವರು ಅಂದುಕೊಂಡಂತೆ ಆಗಲಿಲ್ಲ. ನಾನು ಪಕ್ಕದಲ್ಲಿದ್ದರೆ ನನ್ನ ಗಂಡನಿಗೆ ಇನ್ನಷ್ಟು ಹುರುಪು. ಮಾಸೂರಿನ ಕೆರೆಯ ಬದಿಯ ನನ್ನ ತವರಿನಲ್ಲಿ ನಾನು ಕಂಡ ಬಲು ಜೋರಿನ ಓಟವೆಂದರೆ ಸಂಜೆ ಮನೆಯ ಕಡೆ ಮುಖಮಾಡಿದ ಎತ್ತುಗಳದು. ಮದುವೆಯಾಗಿ ಬಂದ ಮನೆಯಲ್ಲಿ ಕೊಟ್ಟಿಗೆಯ ಪಕ್ಕಕ್ಕೆ ತಗಡಿನ ಮಾಡು ಹಾಕಿ ಅದರೊಳಗೆ ಈ ಮೋಟಾರನ್ನು ನಿಲ್ಲಿಸಿದ್ದರು. ಉದ್ದನೆಯ ಮೂತಿ, ಅದರ ಮೇಲೆ ಬಿಗಿದ ತೊಗಲಿನ ಪಟ್ಟಿ. ನನಗೆ ಅದು ಕಟ್ಟಿ ಹಾಕಿದ ಪ್ರಾಣಿಯಂತೆಯೇ ಕಂಡಿತ್ತು.

ಅದನ್ನು ತಂದವನು ಧಾರವಾಡದಲ್ಲಿದ್ದ ಒಬ್ಬ ಬಿಳಿಯ ಎಂಜಿನಿಯರು. ಹಡಗಿನಲ್ಲಿ ತರಿಸಿಕೊಂಡಿದ್ದನಂತೆ. ಅವನ ದೇಶದಲ್ಲಿ ಅಂಥ ಮೋಟಾರುಗಳನ್ನು ಪಂದ್ಯಕ್ಕೆ ಬಿಡುತ್ತಾರಂತೆ. ಅವನು ತನ್ನ ಊರಿಗೆ ಹೊರಟಾಗ ನನ್ನ ಗಂಡ ಅದನ್ನು ಕೊಂಡರು. ಧಾರವಾಡದಲ್ಲಿ ಓದಿ, ಓದು ಮುಗಿಸದೆ ಹತ್ತಿ ವ್ಯಾಪಾರ ನೋಡಿಕೊಳ್ಳಲು ಊರಿಗೆ ಬಂದವರು ಅವರು. ಊರಿನಲ್ಲಿ ಅವರ ಮನಸ್ಸಿಗೆ ಒಗ್ಗುವಂಥದ್ದು ಇದೊಂದೇ ಇತ್ತು. ಕೊಡುವಾಗ ಆ ಎಂಜಿನಿಯರು, ಒಳಗೆ ಕೈಹಾಕಬೇಡ, ಎಣ್ಣೆ ನೀರು ನೋಡಿಕೋ, ಚೊಕ್ಕಟವಾಗಿಡು, ಅಷ್ಟು ಸಾಕು ಎಂದಿದ್ದನಂತೆ. ಅದನ್ನು ಇವರೇ ನನಗೆ ನಗುತ್ತ ಹೇಳಿದರು.

ಹುಬ್ಬಳ್ಳಿಯಲ್ಲಿ ಮೋಟಾರು ರಿಪೇರಿಯ ಒಬ್ಬ ಮೇಸ್ತ್ರಿ ಇದ್ದ. ಮುಂಬಯಿಯಲ್ಲಿ ಕೆಲಸ ಕಲಿತು ಬಂದವನು, ಮಾತಿನಲ್ಲಿ ಜಾಣ. ಮೋಟಾರು ಕಂಡ ದಿನವೇ ಅದಕ್ಕೆ ಮರುಳಾದ. ಮೊದಲ ಸಲ ಅವನು ಮಾಡಿದ ಕೆಲಸ ಒಳ್ಳೆಯದೇ. ಮಸಿ ಹಿಡಿದದ್ದನ್ನು ತೆಗೆದು, ಸಡಿಲಾದದ್ದನ್ನು ಬಿಗಿದು, ಅಲ್ಲಲ್ಲಿ ತಿದ್ದಿ ಕೊಟ್ಟ. ಚಳಿಗಾಲದ ಬೆಳಗಿನಲ್ಲಿ ಹ್ಯಾಂಡಲ್ ತಿರುಗಿಸಿ ತಿರುಗಿಸಿ ಬೆವರುತ್ತಿದ್ದ ನಮ್ಮ ಆಳುಮನುಷ್ಯನಿಗೆ ಆಮೇಲೆ ಆ ಕಷ್ಟ ತಪ್ಪಿತು. ಶಬ್ದವೂ ಹಗುರವಾಯಿತು. ನನ್ನ ಅಂಜಿಕೆ ಕೂಡ ಆಗ ಸ್ವಲ್ಪ ಇಳಿದಿತ್ತೆಂದೇ ಹೇಳಬೇಕು.

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಇವರ ತಲೆಯಲ್ಲಿ ಒಂದು ಮಾತು ಹೊಕ್ಕಿತ್ತು. ಒಳಗಿನ ಯಾವ ಭಾಗವನ್ನೂ ಬದಲಿಸದೆ, ಇರುವುದನ್ನೇ ಹಿಂದೆ ಮುಂದೆ ಮಾಡಿ, ಇಂಜಿನ್ನಿನಿಂದ ಇನ್ನಷ್ಟು ಓಟ ತೆಗೆಯಬಹುದೇ? ಇಂಗ್ಲಿಷಿನಲ್ಲಿ ಅದಕ್ಕೆ ಟ್ಯೂನಿಂಗ್ ಎನ್ನುತ್ತಾರೆ, ತಂಬೂರಿಯ ತಂತಿ ಬಿಗಿದು ಸುರ ಕೂಡಿಸಿದ ಹಾಗೆ ಎಂದು ನನಗೆ ತಿಳಿಸಿ ಹೇಳಿದರು. ಮೇಸ್ತ್ರಿಯೂ ಕುಣಿಯುವವನಿಗೆ ತಾಳ ಹಾಕಿದ. ನಮ್ಮ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಅವನು ಆಡಿದ ಮಾತು ಅಡಿಗೆಮನೆಯ ಬಾಗಿಲಲ್ಲಿದ್ದ ನನಗೂ ಕೇಳಿಸಿತು.

"ಕಂಪನಿಯವ್ರು ಎಲ್ಲಾ ಮಂದಿಗೂ ಹೊಂದ್ಲಿ ಅಂತ ಅದರ ಶಕ್ತಿ ಕಟ್ಟಿ ಇಟ್ಟಿರ್ತಾರ್ರಿ. ಕಟ್ಟಿದ್ದು ಬಿಚ್ಚಿದ್ರ ಆತು."

ಬಿಚ್ಚಿದ. ಇಂಜಿನ್ನಿನೊಳಗೆ ಪೆಟ್ರೋಲಿನ ಹಬೆಗೆ ಕಿಡಿ ತಾಗಬೇಕು, ಆಗಲೇ ಅದು ಎಳೆಯುತ್ತದೆ. ಆ ಕಿಡಿ ಬೀಳುವ ಹೊತ್ತನ್ನು ಅವನು ತುಸು ಮುಂಚಿತ ಮಾಡಿದ. ಪೆಟ್ರೋಲು ಹನಿಯುವ ತೂತಿನ ಬಿಗಿಯನ್ನೂ ತಿದ್ದಿದ. ಇದೆಲ್ಲ ನನಗೆ ಆಗ ತಿಳಿದದ್ದಲ್ಲ. ಇವರು ದಿನವೂ ಊಟಕ್ಕೆ ಕುಳಿತಾಗ ಅದನ್ನೇ ಹೇಳುತ್ತಿದ್ದುದರಿಂದ ಕೇಳಿ ಕೇಳಿ ತಲೆಗೆ ಹತ್ತಿತು.

ಒಂದು ದಿನ ಕೇಳಿಯೇ ಬಿಟ್ಟೆ. ಈ ದಾರಿಯಲ್ಲಿ ಮೊದಲಿನ ಓಟವನ್ನೇ ಪೂರಾ ಬಳಸಲಾಗಲಿಲ್ಲ, ಇನ್ನಷ್ಟು ತೆಗೆದುಕೊಂಡು ಏನು ಮಾಡುತ್ತೀರಿ ಎಂದು. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು.

"ಬಳಸೂದು ಬ್ಯಾರೆ," ಎಂದರು. "ಐತಿ ಅನ್ನೂದರ ಸುಖಾನ ಬ್ಯಾರೆ."

ಆ ಸುಖವನ್ನು ಅವರು ನೋಡಿದ್ದು ಶಿಗ್ಗಾವಿಯಿಂದ ಸವಣೂರಿಗೆ ಹೋಗುವ ದಾರಿಯಲ್ಲಿ. ಸವಣೂರಿಗೆ ನನ್ನ ನಾದಿನಿಯನ್ನು ಕೊಟ್ಟಿತ್ತು. ಆಕೆಯನ್ನು ಕಂಡುಬರುವ ನೆವ. ಶಿಗ್ಗಾವಿ ದಾಟಿದ ಮೇಲೆ ದಾರಿ ನೆಟ್ಟಗೆ ಮಲಗಿತ್ತು, ಎರಡೂ ಬದಿ ಹತ್ತಿ ಬಿಡಿಸಿದ ಕರಿ ಹೊಲ. ಅವರು ಕಾಲಿನಿಂದ ಒತ್ತಿದರು. ಗಾಳಿ ಸೆರಗನ್ನು ಕಿತ್ತು ಹಿಂದಕ್ಕೆ ಒಯ್ಯಿತು. ಬಾಗಿಲು ಹಿಡಿದುಕೊಂಡ ಕೈಯನ್ನು ಬಿಟ್ಟರೆ ನಾನೂ ಹಾರಿ ಹೋಗುತ್ತೇನೆಂದು ಸೆರಗು ಹಿಡಿಯಲಿಲ್ಲ. ಕೂಗಬೇಕೆಂದು ಬಾಯಿ ತೆರೆದರೆ ಗಾಳಿ ಒಳಗೆ ನುಗ್ಗಿ ದನಿಯನ್ನೇ ನುಂಗಿತು.

ಆಗ ಮುಂದೆ ಎಮ್ಮೆಗಳ ಹಿಂಡೊಂದು ದಾರಿ ಏರುತ್ತಿತ್ತು. ಬ್ರೇಕು ಒತ್ತಿದರು. ಮೋಟಾರು ನಿಲ್ಲಲಿಲ್ಲ, ಅಡ್ಡಡ್ಡ ಜಾರಿತು. ಎಮ್ಮೆಯೊಂದರ ಮುಖ ಬಲು ಹತ್ತಿರ ಬಂದದ್ದು, ಅದರ ಕಣ್ಣಿನಲ್ಲಿ ಗಾಬರಿಯೇ ಇಲ್ಲದ್ದು ನನಗೆ ನೆನಪಿದೆ. ಆಮೇಲೆ ದಾರಿ ಬಿಟ್ಟು ಹೊಲಕ್ಕಿಳಿದು, ಹತ್ತಿ ಕಟ್ಟಿಗೆಗಳನ್ನು ಚಟಪಟ ಮುರಿಯುತ್ತ ಹೋಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ದೂಳು ಇಳಿದ ಮೇಲೆ ನೋಡಿದರೆ ನನ್ನ ಗಂಡನ ಮುಖ ಅರಳಿತ್ತು. ಹೇಗೆ ಎಳೆಯಿತು ನೋಡಿದೆಯಾ ಎಂದು ಕೇಳಿದರು. ಸವಣೂರಿನ ಮನೆಯಲ್ಲಿ ನಾದಿನಿ ನೀರು ಕೊಟ್ಟಾಗ ಸೆರಗಿನ ದೂಳು ಕೊಡವಿ ಮುಖ ತೊಳೆದುಕೊಂಡೆ. ಬಿಸಿಲಿಗೆ ಸಾಕಾಗಿದೆ ಎಂದು ಹೇಳಿ ಒಳಗೆ ಹೋಗಿ ಕುಳಿತೆ.

ಆಮೇಲೆ ಯುದ್ಧ ಶುರುವಾಯಿತು. ಯುದ್ಧ ಎಲ್ಲೋ ದೂರದಲ್ಲಿ, ಆದರೆ ಪೆಟ್ರೋಲಿಗೆ ಕೂಪನ್ನು ಬಂತು. ಸಿಕ್ಕಷ್ಟಕ್ಕೆ ಸೀಮೆಎಣ್ಣೆ ಬೆರೆಸಿ ಓಡಿಸುವುದನ್ನು ಇವರು ಕಲಿತರು. ಬೆರಕೆ ಎಣ್ಣೆ ಹಾಕಿದ ದಿನದಿಂದ ಮೋಟಾರಿಗೆ ಹೊಸದೊಂದು ಸದ್ದು ಹತ್ತಿಕೊಂಡಿತು. ತಗಡಿನ ಡಬ್ಬಿಯಲ್ಲಿ ಹರಳು ಹಾಕಿ ಅಲ್ಲಾಡಿಸಿದಂಥ ಸದ್ದು. ಏರು ಬಂದರೆ ಹೆಚ್ಚು, ಇಳಿವಿನಲ್ಲಿ ಇಲ್ಲ. ಇವರಿಗೂ ಅದು ಕೇಳುತ್ತಿತ್ತು. ಮೇಸ್ತ್ರಿ ಬಂದಾಗ ತಿದ್ದಿಸಿದರಾಯಿತು ಎನ್ನುತ್ತಿದ್ದರು. ದಿನಗಳು ಹಾಗೇ ಉರುಳಿದವು. ಮೋಟಾರು ಹೊರಗೆ ಬರುವುದೇ ಅಪರೂಪವಾದ್ದರಿಂದ ನನಗೂ ಅದು ಮರೆತಂತಾಗಿತ್ತು.

ಒಂದು ಬೇಸಿಗೆಯಲ್ಲಿ, ಹುಣಸೆಹಣ್ಣು ಬಡಿದು ಬೀಜ ತೆಗೆಯುವ ದಿನಗಳಲ್ಲಿ, ನಮ್ಮ ಮಗಳಿಗೆ ಒಂದು ಗಂಡಾಂತರ ಬಂತು. ಇನ್ನೂ ನಾಲ್ಕು ತುಂಬದ ಕೂಸು. ಹಿತ್ತಲಲ್ಲಿ ನಾನು, ಅತ್ತೆ, ನೆರೆಮನೆಯ ಹೆಂಗಸರು ಸುತ್ತ ಕುಳಿತು ಬೀಜ ಬಿಡಿಸುತ್ತಿದ್ದೆವು. ಮಗಳು ಬೀಜಗಳನ್ನು ಗುಡ್ಡೆ ಹಾಕಿ ಆಡುತ್ತಿದ್ದಳು. ಒಂದನ್ನು ಬಾಯಿಗೆ ಹಾಕಿಕೊಂಡದ್ದನ್ನು ನಾವು ಯಾರೂ ಕಾಣಲಿಲ್ಲ. ಯಾರೋ ಏನೋ ಹೇಳಿದ್ದಕ್ಕೆ ಆಕೆ ಕಿಲಕಿಲ ನಕ್ಕಳು. ನಗು ಅರ್ಧಕ್ಕೆ ನಿಂತಿತು. ತಿರುಗಿ ನೋಡಿದರೆ ಮುಖ ಕಪ್ಪಿಟ್ಟಿದೆ, ಕಣ್ಣು ಹೊರಗೆ ಬಂದಿವೆ, ಎರಡೂ ಕೈ ಗಾಳಿಯಲ್ಲಿ ಏನನ್ನೋ ಹಿಡಿಯುತ್ತಿವೆ. ಅತ್ತೆ ಕಾಲು ಹಿಡಿದು ತಲೆಕೆಳಗು ಮಾಡಿ ಬೆನ್ನಿಗೆ ಗುದ್ದಿದರು. ಕೆಮ್ಮು ಬಂತು, ಉಸಿರೂ ಬಂತು. ಆದರೆ ಬೀಜ ಬೀಳಲಿಲ್ಲ. ಎಳೆಯುವ ಉಸಿರಿಗೊಮ್ಮೆ ಸಣ್ಣ ಸೀಟಿ ಊದಿದಂಥ ಸದ್ದು ಎದೆಯಿಂದ ಬರತೊಡಗಿತು.

ಊರ ದವಾಖಾನೆಯ ಡಾಕ್ಟರರು ಎದೆಗೆ ನಳಿಗೆ ಇಟ್ಟು ಕೇಳಿದರು. ಬೀಜ ಉಸಿರಿನ ದಾರಿಯಲ್ಲಿ ಕೂತಿದೆ, ಗಂಟಲು ಕೊಯ್ದು ತೆಗೆಯಬೇಕು, ಅದು ಇಲ್ಲಿ ಆಗುವಂಥದ್ದಲ್ಲ, ಹಾನಗಲ್ಲಿನಲ್ಲೂ ಆಗದು, ಹುಬ್ಬಳ್ಳಿಯ ದೊಡ್ಡ ದವಾಖಾನೆಗೇ ಒಯ್ಯಬೇಕು ಎಂದರು. ಇವರು ಮೋಟಾರು ತರಲು ಓಡಿದರು. ಆಗ ಡಾಕ್ಟರರು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು.

"ಕೂಸಿನ್ನ ಎತ್ತಿ ಕುಂದ್ರಿಸಿಕೊಂಡ ಹೋಗ್ರಿ ತಾಯಿ. ಧಕ್ಕಿ ಬಡೀಬಾರ್ದು. ಧಕ್ಕಿಗೆ ಕೆಮ್ಮು ಎದ್ದು ಬೀಜ ಮ್ಯಾಲೆ ಬಂದು ಸಿಕ್ಕೊಂಡ್ರ, ಮುಂದ ಯಾರ ಕೈಯಾಗೂ ಇಲ್ರಿ."

ಹೊತ್ತು ಮಾಡಬಾರದು, ಧಕ್ಕೆಯೂ ಬಡಿಯಬಾರದು. ಇವೆರಡೂ ಒಟ್ಟಿಗೆ ಹೇಗೆ ಎಂದು ಕೇಳುವಷ್ಟು ಬುದ್ಧಿ ನನಗೆ ಆಗ ಇರಲಿಲ್ಲ.

ಜನುಮದಲ್ಲಿ ಮೋಟಾರು ಹತ್ತದ ಅತ್ತೆ ಆ ದಿನ ತಾವಾಗಿಯೇ ಹಿಂದಿನ ಸೀಟಿಗೆ ಹತ್ತಿ ಕುಳಿತರು. ನಾನು ಮುಂದೆ, ಮಗಳನ್ನು ಎದೆಗೆ ಆನಿಸಿಕೊಂಡು. ಊರು ಬಿಟ್ಟ ಕೂಡಲೇ ಇವರು ಜೋರು ಮಾಡಿದರು. ಹಂಸಭಾವಿಯ ಕಡೆಯ ದಾರಿಯಲ್ಲಿ ಮೊದಲ ಕುಣಿಗೆ ಚಕ್ರ ಬಿದ್ದದ್ದೇ ಮಗಳು ಕೆಮ್ಮಿದಳು. ಸೀಟಿ ನಿಂತಿತು. ಮೈ ಬಿಗಿಯಾಯಿತು. ಆ ಹೊತ್ತು ಎಷ್ಟಿತ್ತೋ ತಿಳಿಯದು. ಆಮೇಲೆ ಏನೋ ಜಾರಿದಂತಾಗಿ ಸೀಟಿ ಮತ್ತೆ ಬಂತು. ನನಗೆ ಆ ಸೀಟಿಗಿಂತ ಹಿತವಾದ ಸದ್ದು ಲೋಕದಲ್ಲಿ ಇಲ್ಲವೆನ್ನಿಸಿತು.

"ಹಗುರಕ ಹೊಡೀರಿ," ಎಂದೆ.

"ಹೊಡಿಯೋ ಜೋರಲೆ," ಎಂದು ಹಿಂದಿನಿಂದ ಅತ್ತೆ. "ಯಾಕ ನಿಂದ್ರಸ್ತಿ? ನನ್ನ ಕೂಸು ಹೊಂಟೈತೋ."

ಇವರ ಕುತ್ತಿಗೆಯ ನರ ಉಬ್ಬಿದ್ದು ಕಾಣುತ್ತಿತ್ತು. ಓಟ ಇಳಿಸಿದರು. ಅಲ್ಲಿಂದ ಮುಂದೆ ಕುಣಿ ಕಂಡಲ್ಲೆಲ್ಲ ಎತ್ತಿನ ಗಾಡಿಯವನಂತೆ ಬದಿ ಹಿಡಿದು, ಚಕ್ರವನ್ನು ಇಳಿಸಿ ಏರಿಸಿ ಸಾಗಿದರು. ವರದಾ ಹೊಳೆಯಲ್ಲಿ ನೀರು ಬತ್ತಿತ್ತು. ಉಸುಕು ಕಲ್ಲುಗಳ ಮೇಲೆ ಮೋಟಾರು ಹಾಯುವವರೆಗೂ ನಾನು ಮಗಳನ್ನು ಎತ್ತಿಕೊಂಡು ನಡೆದೇ ಆಚೆ ದಡ ಸೇರಿದೆ. ಹಾನಗಲ್ಲಿನಲ್ಲಿ ಊರ ಹೊರಗಿನಿಂದಲೇ ಅತ್ತೆ ತಾರಕೇಶ್ವರನ ಗುಡಿಯ ಕಡೆ ಕೈಮುಗಿದರು.

ಹಾನಗಲ್ಲ ದಾಟಿದ ಮೇಲೆ ಏರು ಬಂತು. ಅದರೊಂದಿಗೇ ಡಬ್ಬಿಯಲ್ಲಿ ಹರಳು ಅಲ್ಲಾಡಿಸಿದ ಆ ಸದ್ದು. ಮೋಟಾರಿಗೆ ಎಳೆಯಲು ಆಗುತ್ತಿರಲಿಲ್ಲ. ಒತ್ತಿದಷ್ಟೂ ಸದ್ದು ಹೆಚ್ಚುತ್ತಿತ್ತು, ಓಟ ಕಡಿಮೆಯಾಗುತ್ತಿತ್ತು. ಒಂದು ಕಿವಿಯಲ್ಲಿ ಕೂಸಿನ ಸೀಟಿ, ಇನ್ನೊಂದರಲ್ಲಿ ಇಂಜಿನ್ನಿನ ಕಡಕಡ. ಯಾವುದು ಮೊದಲು ನಿಲ್ಲುತ್ತದೋ ಎಂದು ಕಾಯುವುದೊಂದೇ ನನಗೆ ಉಳಿದದ್ದು. ಏರಿನ ತಲೆ ಮುಟ್ಟುವ ಮೊದಲೇ ಮೂತಿಯಿಂದ ಬಿಳಿಯ ಹಬೆ ಎದ್ದಿತು. ಎಳೆದಾಡಿ, ನಡುಗಿ, ಮೋಟಾರು ನಿಂತಿತು.

ಬಿಸಿಲು ನೆತ್ತಿಯ ಮೇಲಿತ್ತು. ಸುತ್ತ ಒಂದು ಮನೆಯಿಲ್ಲ. ಎದುರಿನಿಂದಾಗಲಿ ಹಿಂದಿನಿಂದಾಗಲಿ ಬರುವ ಗಾಡಿಯಿಲ್ಲ. ಅತ್ತೆ ಅಳಲು ಶುರುಮಾಡಿದರು, ನಾನು ಅಳಲಿಲ್ಲ. ಅತ್ತರೆ ಎದೆ ಕುಲುಕುತ್ತದೆ, ಕುಲುಕಿದರೆ ಮಗಳಿಗೆ ಧಕ್ಕೆಯಾಗುತ್ತದೆ. ಉಸಿರನ್ನೂ ಸಣ್ಣಗೆ ಬಿಡುತ್ತ ಮರದ ಬುಡದಲ್ಲಿ ಕುಳಿತೆ. ಆಕೆಯ ತುಟಿ ನೀಲಿಗಟ್ಟಿತ್ತು. ಕಣ್ಣು ಮಾತ್ರ ನನ್ನನ್ನೇ ನೋಡುತ್ತಿದ್ದವು, ಇದನ್ನು ನೀನು ನಿಲ್ಲಿಸುತ್ತೀ ಎಂಬ ನಂಬಿಕೆಯಿಂದ. ಆ ನೋಟದ ಎದುರು ನನಗಾದ ಭಯವನ್ನು ಇವತ್ತಿಗೂ ಯಾರಿಗೂ ಹೇಳಿ ತಿಳಿಸಲಾರೆ.

ಹೊಲದಲ್ಲಿ ಕೆಲಸ ಮಾಡುವವರಿಗೆ ನೀರು ಒಯ್ಯುತ್ತಿದ್ದ ಹೆಣ್ಣುಮಗಳೊಬ್ಬಳು ನಮ್ಮನ್ನು ಕಂಡು ನಿಂತಳು. ದೂರದಲ್ಲೇ ನಿಂತು, ನಮ್ಮ ಕೊಡದ ನೀರು ನಡೆಯುತ್ತದೆಯೇ ಎಂದು ಕೇಳಿದಳು. ಬಾವಿಕಟ್ಟೆಯಲ್ಲಿ ಬೇರೆಯವರ ಕೊಡ ತಾಗಿದರೆ ಮನೆಗೆ ಬಂದು ಮತ್ತೆ ಮೀಯುತ್ತಿದ್ದ ನಮ್ಮತ್ತೆ, "ತಾರವಾ, ಲಗೂನ ತಾ," ಎಂದು ಎದ್ದುಹೋಗಿ ಆಕೆಯ ತಲೆಯ ಮೇಲಿಂದ ತಾವೇ ಕೊಡ ಇಳಿಸಿಕೊಂಡರು. ಸೆರಗಿನ ತುದಿ ಅದ್ದಿ ಮೊಮ್ಮಗಳ ಹಣೆ ಒರೆಸಿ, ಉಳಿದದ್ದನ್ನು ಮಗನ ಕೈಗೆ ಕೊಟ್ಟರು. ಆ ಹೆಣ್ಣುಮಗಳು ಇನ್ನೊಂದು ಕೊಡ ತರಲು ಇಳಿಜಾರಿನ ಹಳ್ಳಕ್ಕೆ ಓಡಿದಳು.

ಕಾದ ಇಂಜಿನ್ನಿಗೆ ಒಮ್ಮೆಲೇ ತಣ್ಣೀರು ಹಾಕುವಂತಿಲ್ಲ. ಅದು ಆರುವವರೆಗೆ ಇವರು ಮೂತಿಯ ಮುಚ್ಚಳ ತೆಗೆದು ಒಳಗೆ ಬಗ್ಗಿದರು. ಬೆರಕೆ ಎಣ್ಣೆಗೆ ಕಿಡಿ ಅಷ್ಟು ಮುಂಚೆ ಬೀಳುತ್ತಿದ್ದುದೇ ಆ ಸದ್ದಿಗೂ ಕಾವಿಗೂ ಕಾರಣವಂತೆ. ಕಿಡಿಯ ಹೊತ್ತು ಹಿಂದೆ ಮುಂದೆ ಮಾಡಲು ಸ್ಟಿಯರಿಂಗಿನ ನಡುವೆ ಹಿಡಿಕೆಯೊಂದಿತ್ತು. ಅದನ್ನು ಅವರು ಆಗಲೇ ಪೂರ್ತಿ ಹಿಂದೆ ಎಳೆದಿದ್ದರು. ಮೇಸ್ತ್ರಿ ಬುಡದಲ್ಲೇ ತಿದ್ದಿದ್ದರಿಂದ ಅದು ಸಾಲದು. ಬುಡವನ್ನೇ ಸಡಿಲಿಸಿ, ಕಂಪನಿಯವರು ಕೊರೆದ ಗೆರೆಗೆ ಗೆರೆ ಕೂಡಿಸಿ ಮತ್ತೆ ಬಿಗಿಯಬೇಕು. ಕೈ ಸುಡುತ್ತಿತ್ತು. ತಿರುಪು ಸಡಿಲಿಸುವ ಪಾನಾ ಜಾರಿ ಬೆರಳಿನ ಚರ್ಮ ಸುಲಿಯಿತು. ಸ್ವಲ್ಪ ಹೊತ್ತಿಗೆ ತಲೆಯೆತ್ತಿ, ಬೆವರು ಮಸಿ ಕೂಡಿದ ಮುಖದಲ್ಲಿ ನನ್ನನ್ನು ನೋಡಿದರು.

"ಇನ್ನ ಇದು ಮೊದಲಿನಂಗ ಜೋರ ಓಡೂದಿಲ್ಲ," ಎಂದರು. ನನ್ನ ಒಪ್ಪಿಗೆ ಕೇಳಿದ ಹಾಗಿತ್ತು ಆ ದನಿ.

"ಓಡೂದು ಬ್ಯಾಡ್ರಿ," ಎಂದೆ. "ನಿಂದರದಿದ್ರ ಸಾಕು."

ನೀರು ಹಾಕಿ ಹ್ಯಾಂಡಲ್ ತಿರುಗಿಸಿದರು. ಮೊದಲ ಸಲ ಏನೂ ಆಗಲಿಲ್ಲ. ಎರಡನೆಯದಕ್ಕೆ ಕೆಮ್ಮಿತು. ಆಮೇಲೆ ಹತ್ತಿಕೊಂಡಿತು. ಉಳಿದ ಏರನ್ನು ಹತ್ತುವಾಗ ನಾನು ಕಿವಿಗೊಟ್ಟು ಕಾದೆ. ಹರಳಿನ ಸದ್ದು ಬರಲಿಲ್ಲ. ಮೋಟಾರು ಮೆಲ್ಲಗೆ, ಭಾರ ಹೊತ್ತ ಎತ್ತಿನಂತೆ, ತಲೆ ತಗ್ಗಿಸಿ ಏರಿತು. ಶಿಗ್ಗಾವಿಯಲ್ಲಿ ನಿಲ್ಲಿಸಲಿಲ್ಲ. ಅಲ್ಲಿಂದ ದಾರಿ ಚೆನ್ನಾಗಿತ್ತು, ಜೋರು ಮಾಡಬಹುದಿತ್ತು. ಆದರೂ ಅವರು ಮಾಡಲಿಲ್ಲ, ಅತ್ತೆಯೂ ಹೇಳಲಿಲ್ಲ. ಹುಬ್ಬಳ್ಳಿಯ ದವಾಖಾನೆಯ ಮೆಟ್ಟಿಲು ಮುಟ್ಟಿದಾಗ ಇನ್ನೂ ಹೊತ್ತು ಮುಳುಗಿರಲಿಲ್ಲ.

ಮಗಳನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಒಯ್ದರು. ಬಾಗಿಲು ಮುಚ್ಚಿತು. ದಾರಿಯುದ್ದಕ್ಕೂ ನನ್ನ ಜೊತೆಗಿದ್ದ ಸೀಟಿ ಈಗ ಕೇಳಿಸದು. ನಿಂತಿತೋ, ದೂರವಾಯಿತೋ ತಿಳಿಯದು. ಅತ್ತೆ ಗೋಡೆಗೆ ಒರಗಿ ಕುಳಿತಿದ್ದರು. ಇವರು ಸುಟ್ಟ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು ನಿಂತಿದ್ದರು. ಆಮೇಲೆ ಒಳಗಿನಿಂದ ಕೆಮ್ಮಿನಂಥ, ಕೆಮ್ಮಲ್ಲದಂಥ ಒಂದು ಸದ್ದು ಬಂತು. ನಾನು ಬಾಗಿಲಿಗೆ ಕಿವಿ ಹಚ್ಚಿ ನಿಂತೆ. ನರ್ಸಮ್ಮ ಬಂದು ಅರಳೆಯ ಮೇಲಿದ್ದ ಬೀಜವನ್ನು ತೋರಿಸಿದರು. ಗಂಟಲು ಕೊಯ್ದ ಕೂಡಲೇ ಕೆಮ್ಮಿನೊಂದಿಗೆ ಅದು ತಾನಾಗಿಯೇ ಹೊರಗೆ ಚಿಮ್ಮಿತಂತೆ.

ಕೊಯ್ದಲ್ಲಿ ಉಸಿರಾಟಕ್ಕೆ ನಳಿಗೆ ಇಟ್ಟಿದ್ದರಿಂದ ಮಗಳಿಗೆ ದನಿಯಿರಲಿಲ್ಲ. ಬಾಯಿ ತೆರೆದು ಅತ್ತರೂ ಸದ್ದಿಲ್ಲ. ಇದು ಹೀಗೇ ಉಳಿದರೆ ಏನು ಗತಿ ಎಂದು ಕೇಳಲು ನನಗೆ ಧೈರ್ಯ ಸಾಲಲಿಲ್ಲ. ನಾವು ದವಾಖಾನೆಯಲ್ಲಿರುವಾಗಲೇ ಮೇಸ್ತ್ರಿಗೆ ಸುದ್ದಿ ಮುಟ್ಟಿ ಬಂದ. ಕೂಸನ್ನು ನೋಡಿ ಕಣ್ಣೊರೆಸಿಕೊಂಡ. ಇವರು ಬೈಯಬಹುದೆಂದು ಹೆದರಿದ್ದೆ, ಬೈಯಲಿಲ್ಲ. ನಾನು ಕೇಳಿದ್ದನ್ನು ನೀನು ಮಾಡಿದೆ ಎಂದರು. ಅವನೂ ತನ್ನ ಕೆಲಸವನ್ನು ಬಿಟ್ಟುಕೊಡಲಿಲ್ಲ. ಒಳ್ಳೆಯ ಪೆಟ್ರೋಲು ಇದ್ದಿದ್ದರೆ ಅದು ಹಾಗೆ ಕಡಕಡ ಎನ್ನುತ್ತಿರಲಿಲ್ಲ ಎಂದ. ಅದು ಸುಳ್ಳೂ ಅಲ್ಲ. ಒಳ್ಳೆಯ ಪೆಟ್ರೋಲು, ಒಳ್ಳೆಯ ದಾರಿ, ಎಮ್ಮೆಗಳಿಲ್ಲದ ಊರು, ಇಷ್ಟೂ ಇದ್ದಲ್ಲಿ ಅವನ ಟ್ಯೂನಿಂಗಿಗೆ ಬೆಲೆ ಇದ್ದೀತು. ಅವನು ಮೊದಲ ಸಲ ಮಸಿ ತೆಗೆದು ತಿದ್ದಿ ಕೊಟ್ಟಿರದಿದ್ದರೆ ಆ ಮಟಮಟ ಮಧ್ಯಾಹ್ನ ಅದು ಅಷ್ಟು ಬೇಗ ಮತ್ತೆ ಹತ್ತಿಕೊಳ್ಳುತ್ತಿತ್ತೋ ಇಲ್ಲವೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಆಮೇಲೆ ತೆಗೆದ ಹೆಚ್ಚಿನ ಓಟ ಮಾತ್ರ ನಮಗೆ ಬೇಕಾದ ದಿನ ಕೆಲಸಕ್ಕೆ ಬರಲಿಲ್ಲ, ಬೇಡವಾದ ದಿನಗಳಲ್ಲೆಲ್ಲ ಇತ್ತು.

ಮೋಟಾರು ಆಮೇಲೂ ಕೆಲವು ವರ್ಷ ನಮ್ಮಲ್ಲಿತ್ತು. ಆ ಗೆರೆಯನ್ನು ಇವರು ಮತ್ತೆ ಸರಿಸಲಿಲ್ಲ. ಮೇಸ್ತ್ರಿ ಬರುತ್ತಿದ್ದ, ಚೊಕ್ಕಟ ಮಾಡಿ, ಚಹಾ ಕುಡಿದು ಹೋಗುತ್ತಿದ್ದ. ಇಬ್ಬರೂ ಓಟದ ಮಾತು ಎತ್ತುತ್ತಿರಲಿಲ್ಲ.

ಅತ್ತ ದವಾಖಾನೆಯಲ್ಲಿ ಗಾಯ ಮಾಯ್ದು ನಳಿಗೆ ತೆಗೆದ ಮೇಲೂ ಮಗಳು ಮಾತಾಡಲಿಲ್ಲ. ನೋವಿನ ಹೆದರಿಕೆಗೆ ಹಾಗೆ, ದನಿ ಬರುತ್ತದೆ ಎಂದು ಡಾಕ್ಟರರು ಹೇಳಿ ನಮ್ಮನ್ನು ಕಳಿಸಿದರು. ಹಿಂದಿರುಗುವಾಗ ದಾರಿಯುದ್ದಕ್ಕೂ ಆಕೆ ನನ್ನ ತೊಡೆಯ ಮೇಲೆ ಮಲಗಿದ್ದಳು. ನಾನು ಆಕೆಯ ಮೂಗಿನ ಮುಂದೆ ಅಂಗೈ ಹಿಡಿದುಕೊಂಡೇ ಬಂದೆ. ನೀರು ಕೊಟ್ಟ ಹೆಣ್ಣುಮಗಳು ಸಿಕ್ಕಾಳೇನೋ ಎಂದು ಆ ಏರಿನಲ್ಲಿ ನಿಲ್ಲಿಸಿ ನೋಡಿದೆವು, ಯಾರೂ ಇರಲಿಲ್ಲ. ಮನೆಯ ಮುಂದೆ ಇಳಿದಾಗ ನೆರೆಯವರೆಲ್ಲ ಕೂಡಿದ್ದರು. ಅತ್ತೆ ಮೊಮ್ಮಗಳನ್ನು ಎತ್ತಿಕೊಂಡರು. ನಿದ್ದೆಗೆಟ್ಟ ಸಿಟ್ಟಿಗೆ, ಅಷ್ಟು ಮಂದಿಯನ್ನು ಕಂಡ ಗಾಬರಿಗೆ, ಆಕೆ ಬಾಯಿ ಅಗಲಿಸಿದಳು. ಒಡೆದ, ಒರಟು ದನಿಯೊಂದು ಓಣಿಯ ತುಂಬ ಎದ್ದಿತು. ಎಷ್ಟು ಅತ್ತರೂ ನಮ್ಮಲ್ಲಿ ಯಾರೂ ಆಕೆಯನ್ನು ಸುಮ್ಮನಾಗಿಸಲು ಹೋಗಲಿಲ್ಲ.